ಮಾತ್ರೆಯ ಹೊತ್ತು

ಡಾಕ್ಟರಮ್ಮ ಸ್ವಲ್ಪ ಜೋರಿನ ಹೆಂಗಸಾಗಿದ್ದರೆ ಈ ಪೇಚಾಟ ಹುಟ್ಟುತ್ತಲೇ ಇರಲಿಲ್ಲ. "ಬೆಳಿಗ್ಗೆ ನುಂಗಿ" ಎಂದೋ "ರಾತ್ರಿ ನುಂಗಿ" ಎಂದೋ ಗದರಿಸಿದ್ದರೆ ಬ್ರೇಕ್ ಮೇಷ್ಟ್ರು ತಲೆಯಾಡಿಸಿ ಎದ್ದು ಬರುತ್ತಿದ್ದರು. ಆದರೆ ಆಕೆಯದು ಬೆಣ್ಣೆಯಂಥ ಮಾತು.

"ನಿಮ್ಮ ರಕ್ತದ ಕ್ಯಾನ್ಸರ್‌ಗೆ ಈಗ ಒಳ್ಳೆ ಮಾತ್ರೆ ಇದೆ. ದಿನಕ್ಕೊಂದು. ಖಾಲಿ ಹೊಟ್ಟೇಲಿ ಬೇಡ, ಏನಾದ್ರೂ ತಿಂದು, ದೊಡ್ಡ ಲೋಟದ ತುಂಬ ನೀರು ಕುಡೀರಿ. ಹೊತ್ತು ನಿಮ್ಮಿಷ್ಟ. ಆದ್ರೆ ಒಂದ್ಸಲ ಶುರು ಮಾಡಿದ ಹೊತ್ತನ್ನ ಮತ್ತೆ ಮತ್ತೆ ಬದಲಾಯಿಸೋದು ಬೇಡ. ಮೊದಮೊದಲು ವಾಕರಿಕೆ ಬರಬಹುದು, ತಲೆ ಸುತ್ತಬಹುದು. ಹಾಗಾದಾಗ ಗಾಡಿ ಮುಟ್ಟಬೇಡಿ, ಆಯ್ತಾ?"

"ಎಷ್ಟು ದಿನ ತಗೋಬೇಕು?" ಎಂದು ಕೇಳಿದ್ದು ಮೇಷ್ಟ್ರ ಹೆಂಡತಿ.

"ಎಷ್ಟು ದಿನ ಅಂತಿಲ್ಲ," ಎಂದು ನಕ್ಕರು ಡಾಕ್ಟರಮ್ಮ. "ಇವರು ಇರೋವರೆಗೂ ಮಾತ್ರೆ ಇರುತ್ತೆ. ಮಾತ್ರೆ ಇರೋವರೆಗೂ ಇವರಿರ್ತಾರೆ."

ಬ್ರೇಕ್ ಮೇಷ್ಟ್ರು ಕಾರು ಕಲಿಸುವವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿ ಇರುವ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಕೂದಲು ನರೆಸಿಕೊಂಡವರು. ಎದುರಿಗೆ ಬೆಕ್ಕು ಬಂದರೂ ಒತ್ತುವರು, ಬೆಕ್ಕಿನ ನೆರಳು ಬಂದರೂ ಒತ್ತುವರು. ಎಡಕ್ಕೆ, ಬಲಕ್ಕೆ, ನಿಧಾನ ಎಂದು ದಿನವಿಡೀ ಬೇರೆಯವರಿಗೆ ಹೇಳುವ ಈ ಮನುಷ್ಯ ತನ್ನ ಪಾಲಿಗೆ ಯಾವತ್ತೂ ಏನನ್ನೂ ಆರಿಸಿಕೊಂಡವರಲ್ಲ. ಅಂಗಿಯ ಬಣ್ಣ ಹೆಂಡತಿಯದು, ಬಾಡಿಗೆ ಮನೆ ಮಾವನವರು ನೋಡಿದ್ದು, ಕನ್ನಡಕದ ಫ್ರೇಮು ಕೂಡ ಅಂಗಡಿಯವನು ಮೂಗಿನ ಮೇಲೆ ಕೂರಿಸಿ "ಇದೇ ಇರಲಿ" ಎಂದದ್ದು. ಅಂಥವರ ಕೈಗೆ ಇಡೀ ದಿನವನ್ನು ಕೊಟ್ಟು, ಒಂದು ಹೊತ್ತನ್ನು ಆರಿಸಿಕೊ ಎಂದರೆ ಏನಾದೀತು?

ಮರುದಿನ ಬೆಳಿಗ್ಗೆ ಹೆಂಡತಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ದೊಡ್ಡ ಲೋಟದಲ್ಲಿ ನೀರು, ಪಕ್ಕದಲ್ಲಿ ಮಾತ್ರೆ ಇಟ್ಟಳು. ಮೇಷ್ಟ್ರು ಬ್ರೆಡ್ಡು ತಿಂದರು, ಮೊಟ್ಟೆ ತಿಂದರು. ಮಾತ್ರೆಯ ಹತ್ತಿರ ಹೋದ ಕೈ ಹಾಗೇ ನಿಂತಿತು. ಕಿಟಕಿಯಿಂದ ಎಳೆಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹೆಂಡತಿ ಎದುರು ಕೂತು ಚಹಾ ಊದಿಕೊಂಡು ಕುಡಿಯುತ್ತಿದ್ದಳು. ಮದುವೆಯಾದಾಗಿನಿಂದ ಈ ಹೊತ್ತು ಹೀಗೇ ಇದೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ, ಸುಮ್ಮನೆ ಇರುತ್ತಾರೆ. ಇವತ್ತು ಇಲ್ಲಿ ಮಾತ್ರೆ ನುಂಗಿದರೆ ನಾಳೆಯಿಂದ ಇದು ಚಹಾದ ಹೊತ್ತಲ್ಲ, ಕ್ಯಾನ್ಸರಿನ ಹೊತ್ತು. ಇಷ್ಟು ಚೆನ್ನಾಗಿರುವುದನ್ನು ಆ ರೋಗಕ್ಕೆ ಯಾಕೆ ಬಿಟ್ಟುಕೊಡಬೇಕು?

"ಯಾಕ್ರೀ, ನೋಡ್ತಾ ಕೂತ್ರಿ?"

"ಬೆಳಿಗ್ಗೆ ಬೇಡ ಅನ್ಸುತ್ತೆ ಕಣೇ."

ಅಷ್ಟರಲ್ಲಿ ಮಹಡಿ ಮೇಲಿನ ಮನೆಯ ವಕೀಲರು ಪೇಪರು ಕೇಳಿಕೊಂಡು ಒಳಗೆ ಬಂದರು. ಕೋರ್ಟು ಬಿಟ್ಟು ಬಹಳ ವರ್ಷವಾಗಿದ್ದರೂ ವಾದ ಬಿಟ್ಟವರಲ್ಲ. ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದವರೂ ಅವರೇ ಆದ್ದರಿಂದ ಕಾಯಿಲೆಯಲ್ಲಿ ತಮಗೂ ಪಾಲಿದೆ ಎಂದು ತಿಳಿದಿದ್ದರು.

"ಬೆಳಿಗ್ಗೇನೇ ತಗೋಬೇಕು ಮೇಷ್ಟ್ರೇ! ದಿನವಿಡೀ ಮೈಯೊಳಗೆ ಪೊಲೀಸರ ಥರ ಗಸ್ತು ತಿರುಗುತ್ತೆ."

"ಕಾರಲ್ಲಿ ವಾಕರಿಕೆ ಬಂದ್ರೆ?"

"ಅದೂ ಸರಿ. ಹಾಗಾದ್ರೆ ಬೆಳಿಗ್ಗೆ ತಗೊಳ್ಳೋದು ಶುದ್ಧ ತಪ್ಪು. ರಾತ್ರಿ ತಗೊಳ್ಳಿ, ವಾಕರಿಕೆ ಬರೋ ಹೊತ್ತಿಗೆ ನಿದ್ದೆಯಲ್ಲಿರ್ತೀರಿ."

"ನಿದ್ದೆ ಎಲ್ಲಿ ಬರುತ್ತೆ ಸ್ವಾಮಿ, ಈಚೆಗೆ."

"ಹಾಗಾದ್ರೆ ರಾತ್ರಿಯೂ ತಪ್ಪು," ಎಂದು ವಕೀಲರು ಎರಡೂ ಕಡೆಯ ಕೇಸು ತಾವೇ ಗೆದ್ದು, ಪೇಪರು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಮೇಷ್ಟ್ರು ಮಾತ್ರೆಯನ್ನು ಅದರ ಬೆಳ್ಳಿಹಾಳೆಯ ಸಮೇತ ಕತ್ತರಿಸಿ ಜೇಬಿಗೆ ಹಾಕಿಕೊಂಡರು. ಹೆಂಡತಿ ಬಾಗಿಲವರೆಗೆ ಬಂದಳು. "ಎಲ್ಲಾದ್ರೂ ತಗೊಳ್ಳಿ, ಯಾವಾಗಲಾದ್ರೂ ತಗೊಳ್ಳಿ. ಆದ್ರೆ ಇವತ್ತು ತಗೊಳ್ಳಿ," ಎಂದಳು. ನಗುನಗುತ್ತಲೇ ಹೇಳಿದಳು. ಕಾಯಿಲೆಯ ಹೆಸರು ಕೇಳಿದ ದಿನದಿಂದಲೂ ಅವಳು ನಗುತ್ತಲೇ ಇದ್ದಳು. ಎಂಥ ಗಟ್ಟಿಗಿತ್ತಿ ಎಂದು ಮೇಷ್ಟ್ರಿಗೆ ಹೆಮ್ಮೆ.

ಡ್ರೈವಿಂಗ್ ಸ್ಕೂಲಿನಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಗೊತ್ತಾದರೆ ಒಡತಿ ಕಾರಿನ ಕೀ ಕಿತ್ತುಕೊಂಡು, ತನ್ನನ್ನು ರಸ್ತೆ ಚಿಹ್ನೆಗಳ ಬೋರ್ಡಿನ ಮುಂದೆ ಕೋಲು ಕೊಟ್ಟು ನಿಲ್ಲಿಸುತ್ತಾಳೆ ಎಂಬ ಭಯ. ಕಾರಿಲ್ಲದ ಮೇಷ್ಟ್ರೆಂದರೆ ನೀರಿಲ್ಲದ ಮೀನಲ್ಲ, ಮೀನಿಲ್ಲದ ನೀರು. ಇದ್ದೂ ಯಾರಿಗೂ ಬೇಡ.

ಬೆಳಗಿನ ಮೊದಲ ಪಾಠ ಹೆಡ್‌ಮಿಸ್ಸಿಗೆ. ನಿವೃತ್ತರಾದ ಮೇಲೆ ಕಾರು ಕಲಿಯಲು ಹೊರಟ ಗಟ್ಟಿ ಜೀವ. ಪರೀಕ್ಷೆ ಹತ್ತಿರ ಬಂದಿದ್ದರಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಪಾಠ ತೆಗೆದುಕೊಂಡಿದ್ದರು. ಅವರು ಕ್ಲಚ್ಚು ಬಿಟ್ಟರೆ ಕಾರು ಬಿಕ್ಕಳಿಸಿದ ಮಗುವಿನಂತೆ ಕುಲುಕುತ್ತಿತ್ತು. ಚೌಕದ ನಡುವೆ ಕಾರು ನಿಂತೇಹೋಯಿತು. ಹಿಂದಿನಿಂದ ಹಾರನ್ನುಗಳ ಮಳೆ.

"ಹೊಡೀರೋ, ಹೊಡೀರಿ! ನೀವೆಲ್ಲ ಹೊಟ್ಟೇಲೇ ಕಲಿತು ಬಂದಿದ್ರಾ?" ಎಂದು ಹೆಡ್‌ಮಿಸ್ಸು ಕಿಟಕಿಯಿಂದ ತಲೆ ಹೊರಗೆ ಹಾಕಿ ಗದರಿದರು. ಹಾರನ್ನುಗಳು ಗಪ್‌ಚಿಪ್.

ಮೇಷ್ಟ್ರು ಹೊಟ್ಟೆ ಸವರಿಕೊಂಡರು. ಮಾತ್ರೆ ನುಂಗಿ ಈ ಕುಲುಕಾಟಕ್ಕೆ ಕೂತಿದ್ದರೆ ಬ್ರೆಡ್ಡೂ ಮೊಟ್ಟೆಯೂ ಡ್ಯಾಶ್‌ಬೋರ್ಡಿನ ಮೇಲೆ ಇರುತ್ತಿದ್ದವು. ಬೆಳಿಗ್ಗೆ ಬೇಡವೆಂದದ್ದು ಒಳ್ಳೆಯದೇ ಆಯಿತು.

ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿ, ಯಾರೂ ಇಲ್ಲದ್ದನ್ನು ನೋಡಿ ಮಾತ್ರೆ ಹೊರಗೆ ತೆಗೆದರು. ಬೆಕ್ಕಿನಂತೆ ಗೇರ್ ಮೇಷ್ಟ್ರು ಪ್ರತ್ಯಕ್ಷನಾದ. ಇನ್ನೊಂದು ಕಾರಿನ ಮೇಷ್ಟ್ರು ಈತ. ಯಾರ ತಟ್ಟೆಯಲ್ಲಿ ಏನಿದ್ದರೂ ಅದರ ರುಚಿ ನೋಡದಿದ್ದರೆ ಉಂಡದ್ದು ಅರಗದು.

"ಏನದು ಮಾತ್ರೆ?"

"ವಿಟಮಿನ್ನು."

"ಓಹೋ! ಅದಕ್ಕೇ ಮುಖಕ್ಕೆ ಕಳೆ ಬಂದಿದೆ. ನಂಗೂ ಒಂದು ಕೊಡಿ, ಮೊಣಕಾಲು ಹಿಡ್ಕೊಂಡಿದೆ."

"ಇದೊಂದೇ ಇರೋದು ಮಾರಾಯ."

"ಹಂಗಾದ್ರೆ ಅರ್ಧ ಮುರೀರಿ. ಹಂಚಿ ತಿಂದ್ರೆ ಹಸಿವಿಲ್ಲ ಅಂತಾರೆ."

ಗೇರ್ ಮೇಷ್ಟ್ರು ಕೈ ಹಾಕಿಯೇಬಿಟ್ಟ. "ಏ, ಬಿಡೋ! ಅದನ್ನ ಮುಟ್ಟಬೇಡ!" ಎಂದು ಮೇಷ್ಟ್ರು ಮುಷ್ಟಿ ಬಿಗಿದರು. ಒಬ್ಬ ಎಳೆದ, ಒಬ್ಬರು ಜಗ್ಗಿದರು. ಮಾತ್ರೆ ಚಿಮ್ಮಿ ನೆಲಕ್ಕೆ ಬಿದ್ದು ಮೇಜಿನಡಿ ಸೇರಿತು. ಇಬ್ಬರೂ ಮಂಡಿಯೂರಿ, ಹೊರಗೆ ನಾಲ್ಕು ಪಾದ ಮಾತ್ರ ಕಾಣುವಂತೆ ಒಳಗೆ ತೂರಿಕೊಂಡರು. ಆ ಹೊತ್ತಿಗೇ ಒಡತಿ ಬರಬೇಕೆ!

"ಇದೇನ್ ರಿವರ್ಸ್ ಪಾಠಾನಾ?"

ಮಾತ್ರೆ ಆಕೆಯ ಚಪ್ಪಲಿಯ ಮುಂದೆಯೇ ಇತ್ತು. ಬಗ್ಗಿ ಎತ್ತಿಕೊಂಡಳು. ಹಾಳೆಯ ಮೇಲಿನ ಹೆಸರು ಓದಿದಳು. ಮುಖದ ಮೇಲಿದ್ದ ನಗು ಇಳಿಯಿತು. ಮೇಷ್ಟ್ರು ಮೇಜಿನಡಿಯಿಂದ ತಲೆ ಹೊರಗೆ ಹಾಕಿ ನೋಡುತ್ತಲೇ ಇದ್ದರು.

"ನಮ್ಮಣ್ಣ ಇದನ್ನ ತಗೊಳ್ತಾನೆ," ಎಂದಳು ಮೆಲ್ಲಗೆ. "ಯಾವಾಗಿಂದ ಮೇಷ್ಟ್ರೇ?"

"ಇವತ್ತಿಂದ. ಇನ್ನೂ ತಗೊಂಡಿಲ್ಲ. ಹೊತ್ತು ಸಿಕ್ಕಿಲ್ಲ."

ಗೇರ್ ಮೇಷ್ಟ್ರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಮೇಜಿನಡಿಯಿಂದ ಹೊರಗೆ ಬರಲೇ ಇಲ್ಲ.

"ಕೀ ಕೊಡಿ," ಎಂದು ಒಡತಿ ಕೈ ಚಾಚಿದಳು.

ಮೇಷ್ಟ್ರು ಕೊಟ್ಟರು. ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ಕೇಳಿದಾಗಲೂ ಅವರು ಯಾರನ್ನೂ ಏನೂ ಬೇಡಿಕೊಂಡಿರಲಿಲ್ಲ. "ಮೇಡಂ, ಬೋರ್ಡಿನ ಮುಂದೆ ಮಾತ್ರ ನಿಲ್ಲಿಸಬೇಡಿ," ಎಂದರು.

"ಯಾರನ್ನ ಯಾವ ಬೋರ್ಡಿನ ಮುಂದೆ?" ಎಂಬ ದನಿ ಬಂತು. ಸಂಜೆಯ ಪಾಠದ ಹೊತ್ತು ಕೇಳಲೆಂದು ಬಂದಿದ್ದ ಹೆಡ್‌ಮಿಸ್ಸು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೂತು, ಕನ್ನಡಕ ಒರೆಸಿಕೊಂಡು, ಸ್ಟಾಫ್ ಮೀಟಿಂಗು ಶುರು ಮಾಡಿದರು.

"ಮಧ್ಯಾಹ್ನ ತಗೊಂಡ್ರೆ ಏನಂತೆ?"

"ಆಮೇಲೆ ಪಾಠ ಇರುತ್ತಲ್ಲ," ಎಂದಳು ಒಡತಿ.

"ರಾತ್ರಿ ಊಟದ ಜೊತೆ?"

"ರಾತ್ರಿ ತಗೊಂಡು ಮಲಗಿದ್ರೆ ಅದನ್ನೇ ಯೋಚನೆ ಮಾಡ್ತಾ ಬೆಳಗಾಗುತ್ತೆ ಮಿಸ್ಸು," ಎಂದರು ಮೇಷ್ಟ್ರು.

"ಹಂಗಾದ್ರೆ ಉಳಿದದ್ದು ಸಂಜೆ," ಎಂದಿತು ಮೇಜಿನಡಿಯ ದನಿ.

ಸಂಜೆಯ ಕೊನೆಯ ಪಾಠ ಹೆಡ್‌ಮಿಸ್ಸಿನದೇ. ಅವರು ಕನ್ನಡಕ ಮೂಗಿಗೇರಿಸಿದರು. "ನನ್ನ ಸಂಜೆ ಪಾಠ ಬಿಟ್ಟೆ. ಪರೀಕ್ಷೆ ಮುಂದಕ್ಕೆ ಹೋಗ್ಲಿ. ಮೇಷ್ಟ್ರು ಬೇಗ ಮನೆಗೆ ಹೋಗಿ, ತಿಂದು, ಮಾತ್ರೆ ತಗೊಂಡು ಸುಧಾರಿಸ್ಕೊಳ್ಳಲಿ. ಬೆಳಿಗ್ಗೆ ತಲೆ ಸರಿಯಾಗಿದ್ರೆ ಕೀ ಕೊಡಿ, ಇಲ್ಲದಿದ್ರೆ ಕೊಡಬೇಡಿ."

ಒಡತಿ ಒಪ್ಪಿ, ಮಾತ್ರೆಯನ್ನು ಮೇಷ್ಟ್ರ ಕೈಗೆ ಹಿಂದಿರುಗಿಸಿದಳು. ಮೇಷ್ಟ್ರಿಗೂ ಅದು ಹಿಡಿಸಿತು. ಯೋಚಿಸಿದಷ್ಟೂ ಇನ್ನೂ ಹಿಡಿಸಿತು. ಇಷ್ಟು ವರ್ಷ ಸಂಜೆಯ ಆ ಹೊತ್ತಿನಲ್ಲಿ ಅವರು ಯಾರದೋ ಪಕ್ಕ ಕೂತು ರಸ್ತೆ ನೋಡಿದವರು. ಮನೆಯಲ್ಲಿ ಆ ಹೊತ್ತು ಹೇಗಿರುತ್ತದೆ ಎಂದೇ ತಿಳಿಯದು. ಅಂದರೆ ಅದು ಯಾರ ಹೊತ್ತೂ ಅಲ್ಲ, ಖಾಲಿ ಸೈಟು. ರೋಗಕ್ಕೆ ಅದನ್ನು ಕೊಟ್ಟರೆ ಏನೂ ಕಳೆದುಕೊಂಡಂತಾಗುವುದಿಲ್ಲ. ಬದುಕಿನಲ್ಲಿ ಮೊದಲ ಸಲ ತಾನೇ ಏನನ್ನೋ ಆರಿಸಿಕೊಂಡೆ ಎಂಬ ಗತ್ತಿನಲ್ಲಿ, ಬೇಕರಿಯಿಂದ ಬನ್ನು ಕಟ್ಟಿಸಿಕೊಂಡು ಮೇಷ್ಟ್ರು ಮನೆಗೆ ಬಂದರು.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದರು. ಒಳಗೆ ನಲ್ಲಿ ಬಿಟ್ಟ ಸದ್ದು, ಆಮೇಲೆ ಹೆಜ್ಜೆ ಸಪ್ಪಳ.

"ಯಾರು?"

"ನಾನೇ ಕಣೇ!"

ಬಾಗಿಲು ತೆಗೆದವಳ ಮುಖ ಒದ್ದೆಯಾಗಿತ್ತು. ಆದರೆ ಗೆದ್ದು ಬಂದವನಿಗೆ ಬೇರೆಯವರ ಮುಖ ಎಲ್ಲಿ ಕಂಡೀತು? ಮೇಷ್ಟ್ರು ನೇರ ಮೇಜಿಗೆ ಹೋಗಿ, ಬನ್ನು ತಿಂದು, ದೊಡ್ಡ ಲೋಟಕ್ಕೆ ನೀರು ಬಗ್ಗಿಸಿಕೊಂಡು, ಮಾತ್ರೆಯನ್ನು ಗುಳುಂ ಎಂದು ನುಂಗಿದರು. ಲೋಟವನ್ನು ಮೇಜಿನ ಮೇಲೆ ಕುಟ್ಟಿದರು.

"ಆಯ್ತು! ಇನ್ನು ದಿನಾ ಇದೇ ಹೊತ್ತು. ಎಲ್ರೂ ಒಪ್ಪಿದ್ದಾರೆ. ನಾಳೆಯಿಂದ ಈ ಹೊತ್ತಿಗೆ ಮನೇಲಿರ್ತೀನಿ."

ಹೆಂಡತಿ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. ಮೊದಲು ನಕ್ಕಳು. ಆಮೇಲೆ ನಗು ಎಲ್ಲಿಗೋ ತಿರುಗಿತು.

"ಅಲ್ಲಾ ರೀ, ಇಡೀ ದಿನದಲ್ಲಿ ನಿಮಗೆ ಇದೇ ಹೊತ್ತು ಬೇಕಿತ್ತಾ?"

"ಯಾಕೆ? ಈ ಹೊತ್ತಿಗೆ ಏನಾಗಿದೆ?"

"ಬೆಳಿಗ್ಗೆ ನೀವು ಎದುರಿಗಿರ್ತೀರಿ, ನಗ್ತಾ ಇರ್ಬೇಕು. ಮಧ್ಯಾಹ್ನ ವಕೀಲರ ಹೆಂಡ್ತಿ ಬಂದು ಕೂತಿರ್ತಾರೆ, ಧೈರ್ಯವಾಗಿರ್ಬೇಕು. ರಾತ್ರಿ ನೀವು ನಿದ್ದೆ ಬರದೆ ಹೊರಳಾಡ್ತಿರ್ತೀರಿ, ನಾನು ಗೊರಕೆ ಹೊಡೆದೋಳ ಥರ ನಟಿಸ್ಬೇಕು. ನಂಗೆ ಕೂತು ಅಳೋಕೆ ಅಂತ ಇದ್ದದ್ದು ಇದೊಂದೇ ಹೊತ್ತು ರೀ."

ಖಾಲಿ ಸೈಟು ಎಂದುಕೊಂಡದ್ದರಲ್ಲಿ ಹೆಂಡತಿ ಆಗಲೇ ಮನೆ ಕಟ್ಟಿಕೊಂಡು ಕೂತಿದ್ದಳು.

"ನನ್ನ ಮುಂದೇನೇ ಅಳಬಹುದಲ್ಲೇ," ಎಂದರು ಮೇಷ್ಟ್ರು.

"ನಿಮ್ಮ ಮುಂದೆ ಅತ್ರೆ ನೀವು ತಕ್ಷಣ ಬ್ರೇಕ್ ಒತ್ತಿಬಿಡ್ತೀರಿ. ಅಳು ಪೂರ್ತಿ ಆಗಲ್ಲ."

ಈಗಲೂ ಅವರ ಕೈ ಅರ್ಧ ಮುಂದೆ ಚಾಚಿ, ಬಾಯಿ "ಸಾಕು, ಸಾಕು" ಎನ್ನಲು ಸಿದ್ಧವಾಗಿತ್ತು. ಕೈ ಹಿಂದೆ ತೆಗೆದುಕೊಂಡರು. ಮಾತ್ರೆ ಹೊಟ್ಟೆ ಸೇರಿಯಾಗಿತ್ತು, ಹೊತ್ತು ಗೊತ್ತಾಗಿಹೋಗಿತ್ತು. ಹೆಡ್‌ಮಿಸ್ಸು ಪರೀಕ್ಷೆ ಮುಂದೂಡಿದ್ದರು, ಒಡತಿ ಪಾಠಗಳನ್ನೆಲ್ಲ ತಿರುಗುಮುರುಗು ಮಾಡಿದ್ದಳು. ಈಗ ಹೋಗಿ ಬೇಡವೆಂದರೆ ಕಾರಣ ಹೇಳಬೇಕು. ಈ ಕಾರಣವನ್ನು ಯಾರಿಗೆ ಹೇಳುವುದು?

ಮರುದಿನ ಸಂಜೆ ಮೇಷ್ಟ್ರು ಸ್ಕೂಲಿನಿಂದ ಬೇಗ ಹೊರಟರು. ಹೆಡ್‌ಮಿಸ್ಸು ಕೈಯಾರೆ ಹಣ್ಣಿನ ಚೀಲ ಕೊಟ್ಟು, "ನೇರ ಮನೆಗೆ ಹೋಗ್ಬೇಕು, ಗೊತ್ತಾಯ್ತಾ?" ಎಂದು ಗದರಿದರು. ಮೇಷ್ಟ್ರು ನೇರ ಮನೆಯ ಬೀದಿಗೆ ಬಂದರು. ತಿರುವಿನಲ್ಲಿ, ಬಸ್ಸಿಗೆ ಕಾಯುವವರ ಬೆಂಚಿನ ಮೇಲೆ ಕೂತು ಬನ್ನು ತಿಂದು, ಬಾಟಲಿ ನೀರಿನಲ್ಲಿ ಮಾತ್ರೆ ನುಂಗಿದರು. ಅಲ್ಲಿಂದ ಮನೆಯ ಮುಚ್ಚಿದ ಕಿಟಕಿ ಕಾಣುತ್ತಿತ್ತು. ಡಾಕ್ಟರಮ್ಮ ಹೇಳಿದ್ದ ವಾಕರಿಕೆ ಶುರುವಾಯಿತು. ಬೆಂಚಿನ ಕಂಬಕ್ಕೆ ತಲೆಯಾನಿಸಿದರು. ಬಸ್ಸೊಂದು ಬಂದು ನಿಂತು, ಹತ್ತಿ ಎಂದು ಹಾರನ್ನು ಮಾಡಿ, ಬೇಸತ್ತು ಹೊರಟುಹೋಯಿತು.

ವಾಕಿಂಗ್ ಮುಗಿಸಿ ಬರುತ್ತಿದ್ದ ವಕೀಲರು ನೋಡಿ ಗಾಬರಿಯಾದರು.

"ಇದೇನ್ ಮೇಷ್ಟ್ರೇ, ಮುಖ ಬಿಳಿಚಿಕೊಂಡಿದೆ! ಮನೆ ಇಲ್ಲೇ ಇದೆಯಲ್ಲ, ಹೋಗಿ ಮಲಗಬಾರದಾ?"

ಮೇಷ್ಟ್ರು ಕಣ್ಣು ತೆರೆಯದೆಯೇ ಹೇಳಿದರು:

"ಇನ್ನೊಂದು ಸ್ವಲ್ಪ ಹೊತ್ತು ಸ್ವಾಮಿ. ಮನೇಲಿ ಕೆಲಸ ನಡೀತಿದೆ."