ಪ್ಯಾಕೆಟ್ ಅಂಗಡಿ ಮುಚ್ಚಿಸಲು ಹೊರಟವಳು

ಪಂಚಾಯ್ತಿ ಮೆಂಬರಾದ ಮೇಲೆ ನಗು ಬರುವಂಥದ್ದು ವಾರಕ್ಕೊಂದಾದರೂ ಎದುರಾಗುತ್ತದೆ. ನಗುವಷ್ಟು ಹೊತ್ತು ಚೆನ್ನಾಗಿರುತ್ತದೆ. ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಅದೇ ವಿಷಯಕ್ಕೆ ಅಳು ಬರುತ್ತದೆ.

ನಾನು ನರಸಿಂಹರಾಜಪುರ ತಾಲ್ಲೂಕಿನ ಒಂದು ಸಣ್ಣ ಊರಿನವಳು, ತೋಟದ ಕೂಲಿ. ನನ್ನ ಗಂಡ ಕುಡಿದು ಕುಡಿದೇ ತೀರಿಕೊಂಡರು. ನಮ್ಮ ಪಂಚಾಯ್ತಿಯಲ್ಲಿ ಉಳಿದ ಮಹಿಳಾ ಸದಸ್ಯರ ಕುರ್ಚಿಯಲ್ಲಿ ಅವರವರ ಗಂಡಂದಿರು ಕೂರುತ್ತಾರೆ. ನನ್ನ ಕುರ್ಚಿಯಲ್ಲಿ ನಾನೇ. ಮೊದಲ ಮೀಟಿಂಗಿನ ದಿನ ಹೊರಗೆ ಬೆಂಚಿನ ಮೇಲಿದ್ದ ಒಬ್ಬ ಸದಸ್ಯೆ, "ನೀನೊಬ್ಬಳು ಪುಣ್ಯವಂತೆ ಬಿಡು ಮಾರಾಯ್ತಿ" ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಗೆದ್ದ ಬಗೆ

ಚುನಾವಣೆಗೆ ನಿಂತಾಗ ನಾನು ಹೇಳಿದ್ದು ಒಂದೇ ಮಾತು. ಬಸ್‌ಸ್ಟಾಪಿನ ಹತ್ತಿರದ ಗೂಡಂಗಡಿಯಲ್ಲಿ ಬಿಸ್ಕತ್ತಿನ ಡಬ್ಬದ ಹಿಂದೆ ಲೈಸೆನ್ಸಿಲ್ಲದೆ ಹೆಂಡದ ಪ್ಯಾಕೆಟ್ ಮಾರುತ್ತಾರಲ್ಲ, ಅದನ್ನು ಮುಚ್ಚಿಸುತ್ತೇನೆ ಅಂತ. ಹೆಂಗಸರೆಲ್ಲ ಹೂಂ ಅಂದರು. ಗಂಡಸರು ಆ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿಕೊಂಡರು.

ಗೆದ್ದೆ. ಗಂಡಸರ ಓಟೂ ಬಂದಿತ್ತು. ನನಗೇ ನಂಬಿಕೆ ಬರಲಿಲ್ಲ. ನನ್ನ ಪರವಾಗಿ ಮನೆಮನೆ ತಿರುಗಿದ್ದ ಚಿಕ್ಕಮ್ಮನ ಮಗ ಹಲ್ಲು ಬಿಟ್ಟ.

"ಬರದೆ ಎಲ್ಲಿ ಹೋಗ್ತದೆ ಅಕ್ಕ? ಓಟಿನ ಹಿಂದಿನ ದಿನ ನಿನ್ನ ಹೆಸರಲ್ಲಿ ಮನೆಗೆ ಎರಡೆರಡು ಪ್ಯಾಕೆಟ್ ಕೊಟ್ಟೆ."

"ಅಯ್ಯೋ ಪಾಪಿ! ಯಾರನ್ನ ಕೇಳಿ ಕೊಟ್ಟೆ?"

"ಕೊಡದಿದ್ರೆ ನೀನು ಸೋಲ್ತಿದ್ದೆ. ನೀನು ಸೋತರೆ ಪ್ಯಾಕೆಟ್ ಬಂದ್ ಮಾಡೋರು ಯಾರು?"

ಅವನ ಮಾತಿನಲ್ಲಿ ತಪ್ಪು ಹುಡುಕುತ್ತಲೇ ಇದ್ದೇನೆ. ಪ್ರಮಾಣ ಮಾಡುವಾಗ ಎರಡು ಸಲ ತಪ್ಪಿ ಓದಿದೆ. ಎದುರು ಕೂತವರು ಹೊಸಬಳು, ಹೆದರಿದ್ದಾಳೆ ಅಂದುಕೊಂಡರು.

ಕೈ ಮುಂದೆ ಮಾಡಿ

ಕೊಪ್ಪದ ಕಡೆ ಒಂದು ಮಾದಕ ವಸ್ತು ವಿರೋಧಿ ಕಾರ್ಯಕ್ರಮ. ಮೆಂಬರುಗಳೆಲ್ಲ ಬರಲೇಬೇಕು ಅಂತ ಕರೆಸಿದ್ದರು. ಭಾಷಣ ಮಾಡಿದವರು ಕೊನೆಗೆ, "ಎಲ್ಲರೂ ಕೈ ಮುಂದೆ ಮಾಡಿ, ನನ್ನ ಹಿಂದೆ ಹೇಳಿ. ಮದ್ಯ, ಗಾಂಜಾ, ಗುಟ್ಕಾ ನಾವೂ ಮುಟ್ಟುವುದಿಲ್ಲ, ಬೇರೆಯವರಿಗೂ ಮುಟ್ಟಲು ಬಿಡುವುದಿಲ್ಲ" ಅಂದರು.

ಮುಂದಿನ ಸಾಲಿನಲ್ಲಿದ್ದ ಅಡಿಕೆ ಬೆಳೆಗಾರರೊಬ್ಬರು ಚಾಚಿದ ಕೈಯನ್ನು ಮಡಚಿಕೊಂಡು ಎದ್ದು ನಿಂತರು. "ಸ್ವಾಮಿ, ನಾವು ಮುಟ್ಟೋದಿಲ್ಲ, ಸರಿ. ಬೇರೆಯವರೂ ಮುಟ್ಟದಿದ್ರೆ ನಮ್ಮ ಅಡಿಕೆ ಎಂತ ಮಾಡೋದು?"

ವೇದಿಕೆಯಲ್ಲಿದ್ದವರು ತಲೆ ತಲೆ ಸೇರಿಸಿ ಮಾತಾಡಿದರು. ಎರಡನೇ ಸಲ ಹೇಳಿಸುವಾಗ ಗುಟ್ಕಾ ಇರಲಿಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು. ನಾನೂ ತಟ್ಟಿದೆ, ನಮ್ಮ ಅನ್ನವೂ ಅಡಿಕೆ ಸುಲಿಯುವುದರಲ್ಲೇ ಇದೆ.

ಎರಡು ಗಿಡ

ಕೆರೆಕಟ್ಟೆ ಕಡೆಯ ನನ್ನ ಸೋದರಮಾವ ಹಿತ್ತಿಲಲ್ಲಿ ಎರಡು ಗಾಂಜಾ ಗಿಡ ಬೆಳೆಸಿಕೊಂಡಿದ್ದರು. ಮಂಡಿ ನೋವಿಗೆ ಅನ್ನುತ್ತಿದ್ದರು. ಯಾರೋ ಪೊಲೀಸರಿಗೆ ಚಾಡಿ ಹೇಳಿದರು, ಅವರು ಬಂದು ಮಾವನನ್ನು ಹಿಡಿದುಕೊಂಡು ಹೋದರು. ಜಾಮೀನು ಸಿಗುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಗದ್ದೆ ಪಾಳು ಬಿದ್ದಿತ್ತು. ಅತ್ತೆ ಅರ್ಧ ಆಗಿದ್ದರು.

ಮಾರುವವರನ್ನು ಹಿಡಿಯಬೇಕು, ಚಟಕ್ಕೆ ಬಿದ್ದವರಿಗೆ ಔಷಧಿ ಮಾಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಜೈಲಿಗೆ ಹಾಕಿದರೆ ಯಾರ ಚಟ ಬಿಡುತ್ತದೆ? ಹೀಗಂತ ತಾಲ್ಲೂಕಿನ ಸಭೆಯಲ್ಲಿ ಹೇಳಿದ್ದಕ್ಕೆ ಅಧಿಕಾರಿಗಳು, "ಮೇಡಂ, ಇದು ಪಂಚಾಯ್ತಿ ವ್ಯಾಪ್ತಿಗೆ ಬರಲ್ಲ, ಬೀದಿದೀಪದ ಬಗ್ಗೆ ಹೇಳಿ" ಅಂದಿದ್ದರು.

ಜಾಮೀನಿನ ಮೇಲೆ ಮನೆಗೆ ಬಂದ ಮಾವನನ್ನು ನೋಡಲು ಹೋದಾಗ, "ಇನ್ನಾದರೂ ಬಿಟ್ಟಿರಲ್ಲ ಮಾವ?" ಅಂದೆ.

"ಬೆಳೆಸೋದು ಬಿಟ್ಟೆ ಕೂಸೇ," ಅಂದರು. "ಜೈಲಲ್ಲಿ ಗೊಬ್ಬರವೂ ಬೇಡ, ನೀರೂ ಬೇಡ. ಕೂತಲ್ಲಿಗೇ ಬರ್ತದೆ."

ಗ್ರಾಮಸಭೆ

ಗೂಡಂಗಡಿ ಮುಚ್ಚಿಸುವ ಠರಾವು ಎರಡು ಸಲ ಮುಂದಕ್ಕೆ ಹೋಯಿತು. ಜನ ಸಾಲದು, ಸಭೆ ನಡೆಸುವ ಹಾಗಿಲ್ಲ ಅಂದರು. ಓಟು ಹಾಕಲು ಅಷ್ಟು ಜನ ಬರುತ್ತಾರೆ. ಆಮೇಲೆ ಐದು ವರ್ಷ ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಸಭೆಗೆ ಬಾರದ ಊರಿಗೆ ಮೆಂಬರೇ ಬೇಡ ಅಂತ ಕಾನೂನು ಬರಬೇಕು ಅಂತ ನಾನು ಸಿಟ್ಟಿನಲ್ಲಿ ಅಂದದ್ದೂ ಉಂಟು.

ಮೂರನೇ ಸಲ ಹೆಂಗಸರು ಸಾಕಷ್ಟು ಬಂದಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಜೀಪಿನಲ್ಲಿ ಜನ ಬಂದಿಳಿದರು. ಕರೆತಂದವರು ಗೂಡಂಗಡಿಯವರೇ! ತಮ್ಮ ಗಿರಾಕಿಗಳನ್ನೆಲ್ಲ ಹೊಟ್ಟೆ ತುಂಬ ಕುಡಿಸಿ, ಠರಾವು ಬೀಳಿಸಲು ತುಂಬಿಕೊಂಡು ಬಂದಿದ್ದರು.

ಕಾರ್ಯದರ್ಶಿ ಓದಿದರು: "ಅಂಗಡಿ ಮುಚ್ಚಿಸಲು ಒಪ್ಪಿಗೆ ಇರುವವರು ಕೈ ಎತ್ತಿ."

ಹೆಂಗಸರ ಕೈ ಎದ್ದಿತು. ಆಮೇಲೆ ಜೀಪಿನವರ ಕೈ ಒಂದೊಂದೇ ಎದ್ದಿತು. ಎಲ್ಲವೂ.

"ಈಗಲ್ಲರೋ! ವಿರೋಧ ಅಂದಾಗ ಎತ್ತಿ!" ಅಂಗಡಿಯವರು ಕೂಗಿದರು. ಯಾರೂ ಇಳಿಸಲಿಲ್ಲ.

ಎಲ್ಲರಿಗಿಂತ ಮುಂದೆ ಒಬ್ಬ ಮುದುಕ ಗೋಡೆ ಹಿಡಿದು ತೂರಾಡುತ್ತ ನಿಂತಿದ್ದ. ಅವನ ಹತ್ತಿರ ಹೋದೆ.

"ಎಂತಕ್ಕೆ ಕೈ ಎತ್ತಿದ್ದು ಅಂತ ಗೊತ್ತುಂಟಾ ಅಜ್ಜ?"

"ಗೊತ್ತುಂಟು. ಅಂಗಡಿ ಮುಚ್ಚೋಕೆ," ಅಂದ. ಅವನ ಕಣ್ಣು ತುಂಬಿತ್ತು. "ನಂಗೆ ಬಿಡೋಕಾಗ್ಲಿಲ್ಲ ಮೆಂಬ್ರಮ್ಮ. ನೀವಾದ್ರೂ ಬಿಡಿಸಿ."

ನಾನು ಅವನ ಭುಜ ಹಿಡಿದುಕೊಂಡೆ.

ಅವನು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ಬಂದ್ ಮಾಡೋದು ಇವತ್ತಾ, ನಾಳೆಯಾ?"

"ನಾಳೆಯಿಂದ ಅಜ್ಜ."

"ಹಾಗಾದ್ರೆ ಸಭೆ ಬೇಗ ಮುಗಿಸಿ ಮಾರಾಯ್ತಿ. ಇವತ್ತು ಇನ್ನು ಸ್ವಲ್ಪವೇ ಹೊತ್ತು ಉಂಟು."