ಗುಂಡಣ್ಣನ ಕರಟದ ಬಂಗಲೆ

ಮೀನಿನ ತೊಟ್ಟಿಯ ಗಾಜು ಉಜ್ಜುವುದು ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬನ ಘನತೆಗೆ ತಕ್ಕ ಕೆಲಸವಲ್ಲ ಎಂದು ತೀರ್ಮಾನಿಸಿದ ದಿನವೇ ನಾನು ಒಂದು ಸಕ್ಕರ್ ಮೀನು ತಂದೆ. ಮೈತುಂಬ ಒರಟು ಚಿಪ್ಪಿನ ಕವಚ, ಹೊಟ್ಟೆಯ ಕಡೆಗೆ ಬಾಯಿ. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುತ್ತದಂತೆ. "ಇದೊಂದು ಬಿಟ್ರೆ ಸಾಕು ಸಾರ್, ನೀವು ಕೈ ನೆನೆಸೋದೇ ಬೇಡ" ಎಂದ ಅಂಗಡಿಯವನು. ಸಂಬಳ ಕೇಳದ ಆಳು! ಇಂಥ ಅವಕಾಶವನ್ನು ಯಾರು ಬಿಡುತ್ತಾರೆ?

ಮೊಟ್ಟೆಗೂ ಪ್ರವೇಶವಿಲ್ಲದ ಮನೆ ನಮ್ಮದು. ಮೀನು ಸಾಕಲು ನನ್ನ ಹೆಂಡತಿ ಗಿರಿಜಾ ಮೊದಲೇ ಒಂದು ಷರತ್ತು ಹಾಕಿದ್ದಳು.

"ಸಾಕ್ಕಳಿ, ಬ್ಯಾಡ ಅನ್ನಲ್ಲ. ಆದ್ರೆ ನಿಮ್ಮ ಕೈಯಾಗೆ ಒಂದು ಸತ್ರೂ ತೊಟ್ಟಿ ಬೀದಿಗೆ ಹೋಯ್ತದೆ ಕಣ್ರೀ."

"ಇದು ಹುಟ್ಟುತ್ತಲೇ ಕವಚ ತೊಟ್ಟುಕೊಂಡು ಬಂದಿದೆ ಕಣೇ. ಸಾಯೋ ಜಾತಿ ಅಲ್ಲ!" ಎಂದೆ.

ಅವಳೇ ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟಳು. ದಿನಾ ಸೌತೆಕಾಯಿ ಬಿಲ್ಲೆ ಹಾಕಿದಳು. ಸೌತೆಕಾಯಿಯ ರುಚಿ ಕಂಡ ಮೇಲೆ ಗುಂಡಣ್ಣ ಪಾಚಿಯ ಕಡೆ ತಿರುಗಿಯೂ ನೋಡಲಿಲ್ಲ. ತಿಂದದ್ದನ್ನೆಲ್ಲ ಉದ್ದುದ್ದ ದಾರದಂತೆ ಹೊರಗೆ ಹಾಕಿ, ತೊಟ್ಟಿಯನ್ನು ಮೊದಲಿಗಿಂತ ಎರಡು ಪಟ್ಟು ಗಲೀಜು ಮಾಡಿದ. ಆಳು ಅಂದರೆ ಹೀಗಿರಬೇಕು.

ಈ ಜಾತಿಯ ಮೀನಿಗೆ ಅವಿತುಕೊಳ್ಳಲು ಗುಹೆ ಬೇಕು ಎಂದು ಫೋನಿನಲ್ಲಿ ಯಾರೋ ಹೇಳಿದರು. ಅಂಗಡಿಯಲ್ಲಿ ಪ್ಲಾಸ್ಟಿಕ್ ಗುಹೆ ಇತ್ತು. ತಿಪಟೂರಿನವನು ಪ್ಲಾಸ್ಟಿಕ್ ಗುಹೆ ಕೊಳ್ಳುವುದೇ? ಊರಿನ ಮಾನದ ಪ್ರಶ್ನೆ! ಒಂದು ದಪ್ಪ ತೆಂಗಿನಕಾಯಿಯ ತುದಿಗೆ ತೂತು ಕೊರೆದು, ಒಳಗಿನ ಕಾಯಿಯನ್ನು ಚಮಚದಲ್ಲಿ ಕೆರೆದು ತೆಗೆದು, ಕರಟವನ್ನು ತೊಟ್ಟಿಗೆ ಇಳಿಸಿದೆ. ಕೆರೆದದ್ದು ಅರ್ಧ ಮಾತ್ರ ಎಂಬುದು ಮರುದಿನ ತಿಳಿಯಿತು. ನೀರೆಲ್ಲ ಬೆಳ್ಳಗಾಗಿ, ಮೇಲೆ ಎಣ್ಣೆ ತೇಲುತ್ತಿತ್ತು.

"ಕಾಯಿಹಾಲು ಚೆನ್ನಾಗಿ ಇಳಿದೈತೆ. ಬೆಲ್ಲ, ಏಲಕ್ಕಿ ತರ್ಲಾ?" ಎಂದಳು ಗಿರಿಜಾ.

ನೀರು ಬದಲಾಯಿಸಿದೆ. ಕರಟ ಪೂರ್ತಿ ಕೆರೆದು ಮತ್ತೆ ಇಟ್ಟೆ. ಗುಂಡಣ್ಣ ಗೃಹಪ್ರವೇಶ ಮಾಡಿದವನು ಹೊರಗೆ ಬರುವುದನ್ನೇ ಮರೆತ. ಗಿರಿಜಾ ಬಾಗಿಲಿಗೇ ಸೌತೆಕಾಯಿ ತಲುಪಿಸಿದಳು. ಅವನು ತಿಂದ, ಮಲಗಿದ, ದಪ್ಪಗಾದ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಅವನ ತಲೆ ತೂತಿನಲ್ಲಿ ಸಿಕ್ಕಿಕೊಂಡಿದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಿವಿರು ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು.

ಕರಟವನ್ನು ಬಕೆಟ್ಟಿಗೆ ಹಾಕಿ, ತಲೆ ಹಿಡಿದು ಎಳೆದೆ. ಹೆದರಿದ ಗುಂಡಣ್ಣ ರೆಕ್ಕೆಯ ಮುಳ್ಳುಗಳನ್ನು ಒಳಗೇ ಬಿಚ್ಚಿ ಇನ್ನೂ ಭದ್ರವಾಗಿ ಕೂತ. ಜಾರಲಿ ಎಂದು ಕೊಬ್ಬರಿ ಎಣ್ಣೆ ಸೀಸೆ ತೆಗೆದೆ. ಗಿರಿಜಾ ಅದನ್ನು ಕಿತ್ತುಕೊಂಡಳು.

"ಅದೇನು ಒಗ್ಗರಣೆಗೆ ಇಟ್ಟಿರೋದಾ? ಕರಟ ಒಡೀರಿ!"

ಸರಿ! ಒಡೆಯುವುದೆಂದರೆ ನನಗೆ ಹೇಳಬೇಕೆ? ಒಳಗಿನ ಉಂಡೆ ಕೊಬ್ಬರಿಗೆ ಗೀರೂ ಬೀಳದ ಹಾಗೆ ಕರಟ ಕಳಚುವುದು ನಮ್ಮೂರಿನ ವಿದ್ಯೆ. ಕೊಬ್ಬರಿ ಮಂಡಿಯಲ್ಲಿ ಆ ಬಗ್ಗೆ ನಾನು ಎಷ್ಟೋ ಸಲ ಉಪನ್ಯಾಸ ಕೊಟ್ಟಿದ್ದೇನೆ. ಒಡೆದಿರಲಿಲ್ಲ, ಅಷ್ಟೆ. ಒದ್ದೆ ಬಟ್ಟೆ ಹಾಸಿ, ಪಡಸಾಲೆಯಲ್ಲಿ ಕೂತು, ಮಚ್ಚು ಎತ್ತಿದೆ. ಏಟು ಹೆಬ್ಬೆರಳಿಗೆ ಬಿತ್ತು. ಕರಟ ಕೈಯಿಂದ ಜಾರಿ, ಗುಂಡಣ್ಣನ ಸಮೇತ ಮಂಚದ ಕೆಳಗೆ ಉರುಳಿತು. ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ನಾನು ಬಗ್ಗಿ ಕರಟವನ್ನು ಎತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ರುದ್ರಣ್ಣ ಓಡಿಬಂದು ಕಿಟಕಿಯಲ್ಲಿ ಇಣುಕಿದರು. ಅವರಿಗೆ ಕಂಡದ್ದು ಇಷ್ಟು: ಒಂದು ಕೈಯಲ್ಲಿ ಮಚ್ಚು, ಇನ್ನೊಂದು ಕೈಯಲ್ಲಿ ಮೀನಿನ ತಲೆ, ನೆಲದ ಮೇಲೆ ರಕ್ತ.

"ಅಯ್ಯಯ್ಯೋ! ಇವತ್ತು ಸೋಮವಾರ ಕಣ್ರೀ!" ಎಂದರು.

"ಹಂಗಲ್ಲ ರುದ್ರಣ್ಣ, ಇದು ಸಾಕಿದ್ದು..."

"ಸಾಕಿದ್ದನ್ನೇ? ಶಿವಶಿವಾ!" ಎಂದು ಕಿವಿ ಮುಚ್ಚಿಕೊಂಡು ಹೊರಟೇಹೋದರು.

"ಈ ಮಚ್ಚು ಸರಿಯಿಲ್ಲ ಕಣೇ" ಎಂದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಇತ್ತ ಕೊಡಿ!"

ಹೊನ್ನವಳ್ಳಿಯ ತವರಿನಲ್ಲಿ ಗಿರಿಜಾ ಅಕ್ಕತಂಗಿಯರ ಜೊತೆ ಕೂತು ಕೊಬ್ಬರಿ ಒಡೆದು ಬೆಳೆದವಳು. ಕರಟವನ್ನು ಅಂಗೈಯಲ್ಲಿ ತಿರುಗಿಸುತ್ತಾ ಮಚ್ಚಿನ ಹಿಂಬದಿಯಿಂದ ಟಕ್, ಟಕ್, ಟಕ್ ಎಂದು ಹದವಾಗಿ ಏಟು ಹಾಕಿದಳು. ನಾನು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನೋಡುತ್ತಾ ನಿಂತಿದ್ದೆ. ಸತ್ತರೆ ತೊಟ್ಟಿ ಬೀದಿಗೆ ಎಂಬುದು ಆಗ ನೆನಪಿಗೇ ಬರಲಿಲ್ಲ, ಆ ಬಡಜೀವ ಉಳಿದರೆ ಸಾಕಾಗಿತ್ತು. ಕರಟ ಚೂರುಚೂರಾಗಿ ಕಳಚಿತು. ಗುಂಡಣ್ಣ ಗೀರಿಲ್ಲದ ಉಂಡೆ ಕೊಬ್ಬರಿಯ ಹಾಗೆ ಅವಳ ಅಂಗೈಯಲ್ಲಿ ಕೂತಿದ್ದ. ನೀರಿಗೆ ಬಿಟ್ಟ ತಕ್ಷಣ ಬಾಲ ಬೀಸಿ ನನ್ನ ಮುಖಕ್ಕೇ ನೀರೆರಚಿದ!

ಮಾರನೆಯ ದಿನ ಮಂಡಿಗೆ ಹೋದರೆ, ಎಲ್ಲರೂ ಬಲು ಅಕ್ಕರೆಯಿಂದ ನನ್ನ ಊಟದ ಬಗ್ಗೆ ವಿಚಾರಿಸಿದರು. ಕಟ್ಟು ಹಾಕಿದ ಹೆಬ್ಬೆರಳನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ಬಂದೆ. ಬಾಗಿಲಲ್ಲೇ ಗಿರಿಜಾ ನನ್ನ ಇನ್ನೊಂದು ಕೈಗೆ ಸ್ಪಂಜು ಕೊಟ್ಟಳು.

ಈಗ ಪ್ರತಿ ಭಾನುವಾರ ಗಾಜು ಉಜ್ಜುವುದು ನಾನೇ. ಅಗಲ ಬಾಯಿಯ ಮಣ್ಣಿನ ಕುಡಿಕೆಯಲ್ಲಿ ಕೂತು ಸೌತೆಕಾಯಿ ತಿನ್ನುತ್ತಾ ಗುಂಡಣ್ಣ ನನ್ನ ಕೆಲಸ ನೋಡುತ್ತಾನೆ. ಮೂಲೆಯಲ್ಲಿ ಪಾಚಿ ಉಳಿದರೆ ಗಿರಿಜಾ ಬಂದು ತೋರಿಸುತ್ತಾಳೆ. ಸಂಬಳ ಕೇಳದ ಆಳು ಕೊನೆಗೂ ಸಿಕ್ಕಿದ್ದಾನೆ. ಗುಂಡಣ್ಣನಿಗೆ!