ದೊಣ್ಣೆಮೆಣಸಿಗೆ ಸ್ಟೀಲಿನ ಸೂರ್ಯ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಮೂರನೇ ಮಹಡಿಯ ಕಿಟಕಿ ಗ್ರಿಲ್‌ನಲ್ಲಿ ಜಯಶೀಲ ಸಾಕಿದ್ದ ದೊಣ್ಣೆಮೆಣಸಿನ ಗಿಡ ಆ ಭಾನುವಾರವೂ ಬುಡದ ತುಂಬ ಹೂವು ಉದುರಿಸಿಕೊಂಡು ನಿಂತಿತ್ತು. ಕಾಯಿ ಒಂದೂ ಕಚ್ಚಿರಲಿಲ್ಲ.

"ಇದಕ್ಕೆ ಸಕ್ಕರೆ ಸಾಲುವುದಿಲ್ಲ," ಎಂದ.

"ನನ್ನ ಡಬ್ಬಿಗೆ ಕೈ ಹಾಕಬೇಡಿ," ಎಂದಳು ಹೆಂಡತಿ ವಿಮಲಾ.

"ಆ ಸಕ್ಕರೆ ಅಲ್ಲ ಮಾರಾಯ್ತಿ. ಬಿಸಿಲಿದ್ದರೆ ಎಲೆಯೇ ಸಕ್ಕರೆ ಮಾಡಿಕೊಳ್ಳುವುದು. ಬೆಳಕು ಕಡಿಮೆಯಾದರೆ ಇದ್ದಷ್ಟನ್ನೂ ಚಿಗುರೇ ತಿಂದುಬಿಡುತ್ತದೆ. ಹೂವಿಗೆ ಉಪವಾಸ. ಉದುರದೆ ಮತ್ತೆಂತ ಮಾಡುವುದು?"

ಬಿಸಿಲನ್ನು ಎದುರಿನ ಕಟ್ಟಡ ನುಂಗಿತ್ತು. ಜಯಶೀಲ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಗುಮಾಸ್ತ. ಅಲ್ಲಿಂದ ತಂದಿದ್ದ, ಕನ್ನಡಿಯಂತೆ ಹೊಳೆಯುವ ಸ್ಟೀಲ್ ತಗಡನ್ನು ಬಿದಿರಿಗೆ ಕಟ್ಟಿ ಗ್ರಿಲ್‌ನಿಂದ ಹೊರಗೆ ಚಾಚಿದ. ಬೆಳಕು ನೇರವಾಗಿ ಗಿಡದ ಮೇಲೆ ಬಿತ್ತು. ಮನೆಯಲ್ಲಿ ತೊಟ್ಟಿಲು ಕಟ್ಟಿದಷ್ಟು ಸಂತೋಷವಾಯಿತು ಅವನಿಗೆ.

ವಿಮಲಾ ಕೊತ್ತಂಬರಿ ತರಲು ಲಿಫ್ಟ್ ಹತ್ತಿದ್ದಳಷ್ಟೆ, ಗಾಳಿ ಬೀಸಿ ತಗಡು ತಿರುಗಿತು. ಎದುರು ಕಟ್ಟಡದಲ್ಲಿ ರೊಟ್ಟಿ ಬಡಿಯುತ್ತಿದ್ದ ಕಲಬುರಗಿಯ ಶರಣಬಸಮ್ಮನ ಕಣ್ಣಿಗೆ ಬೆಳಕು ರಾಚಿತು. ಆಕೆ "ಬೆಂಕಿ, ಬೆಂಕಿ" ಎಂದು ಕಿರುಚಿದಳು. ಕೆಳಗೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಪ್ರಾಣಾಯಾಮ ಮಾಡುತ್ತಿದ್ದ, ಜಯಶೀಲನ ಕಟ್ಟಡದ ಸೊಸೈಟಿ ಸೆಕ್ರೆಟರಿ ಪ್ರೇಮನಾಥರು ಕಟ್ಟಿದ ಉಸಿರು ಬಿಡುವುದನ್ನೂ ಮರೆತು ಓಡಿ ಮೇನ್ ಸ್ವಿಚ್ ಆರಿಸಿದರು. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಒಳಗಿನಿಂದ ವಿಮಲಾ ಗಂಡನ ಹೆಸರು ಹಿಡಿದೇ ಕರೆಯತೊಡಗಿದಳು.

ಹೆಂಡತಿ ಹೊರಬರುವಷ್ಟರಲ್ಲಿ ಪ್ರೇಮನಾಥರು, ಶರಣಬಸಮ್ಮ, ನೆರೆಹೊರೆಯವರೆಲ್ಲ ಅವನ ಮನೆ ತುಂಬಿದ್ದರು.

"ಇದೆಂತ ಜಯಶೀಲ, ಬಿಲ್ಡಿಂಗ್ ಸುಡಲಿಕ್ಕೆ ಹೊರಟಿದ್ದೀರಾ?" ಎಂದರು ಪ್ರೇಮನಾಥರು.

ಬೇರೆ ದಾರಿ ಕಾಣದೆ ಜಯಶೀಲ ಬೆಳಕು, ಎಲೆ, ಸಕ್ಕರೆ, ಉಪವಾಸದ ಹೂವು ಎಲ್ಲವನ್ನೂ ವಿವರಿಸಿದ. ಹೇಳುತ್ತ ಹೇಳುತ್ತ ಅವನದೇ ಕಣ್ಣು ಒದ್ದೆಯಾಯಿತು.

"ನಮ್ಮ ಮೆಣಸಿನ ಗಿಡದ ಹೂವೂ ಹಿಂಗ ಉದರ್ತಾವ್ರಿ ಅಣ್ಣಾರ," ಎಂದಳು ಶರಣಬಸಮ್ಮ ಮೆತ್ತಗಾಗಿ. "ದೃಷ್ಟಿ ಆಗ್ಯದ ಅಂತ ನಾ ನಿಂಬಿಕಾಯಿ ಕಟ್ಟೀನಿ."

ಪ್ರೇಮನಾಥರು ಗಿಡವನ್ನು ಬಹಳ ಹೊತ್ತು ನೋಡಿದರು. "ತಗಡು ಇರಲಿ, ಅಲುಗಾಡದ ಹಾಗೆ ಕಟ್ಟಿ," ಎಂದು ತೀರ್ಪು ಕೊಟ್ಟು ಹೊರಟರು. ಜಯಶೀಲ ಅವರ ಕಾಲಿಗೆ ಬೀಳುವುದೊಂದು ಬಾಕಿ. ತಗಡನ್ನು ತಂತಿಯಿಂದ ಬಿಗಿದು, ಊಟ ಮಾಡಿ, ನೆಮ್ಮದಿಯಿಂದ ಮಲಗಿದ.

ಎದ್ದಾಗ ಕೋಣೆ ಕತ್ತಲಾಗಿತ್ತು. ಮಳೆಯೇನೋ ಎಂದು ಗ್ರಿಲ್‌ಗೆ ಓಡಿ ಕತ್ತೆತ್ತಿ ನೋಡಿದ. ಮೇಲಿನ ಮನೆಯ ಪ್ರೇಮನಾಥರು ತಮ್ಮ ಕಪಾಟಿನ ಆಳೆತ್ತರದ ಕನ್ನಡಿ ಬಾಗಿಲನ್ನು ಕಿತ್ತು, ಅವನ ತಗಡಿನ ನೆತ್ತಿಯ ಮೇಲೆಯೇ ಅಡ್ಡ ಚಾಚಿದ್ದರು.

"ಸರ್, ನಿಮ್ಮ ಬಾಗಿಲಿನ ನೆರಳು ನಮ್ಮ ಮೇಲೆ ಬೀಳ್ತಾ ಉಂಟು," ಎಂದು ಕೂಗಿದ.

ಪ್ರೇಮನಾಥರು ಪ್ರೀತಿಯಿಂದ ಬಗ್ಗಿ ನೋಡಿದರು. "ನಮ್ಮ ಗಿಡವೂ ಹೂವು ಬಿಟ್ಟಿದೆ ಜಯಶೀಲ. ಅದನ್ನು ಉಪವಾಸ ಹಾಕುವುದು ಹೇಗೆ? ಒಳ್ಳೆ ವಿಷಯ ತಿಳಿಸಿದಿರಿ."

ಜಯಶೀಲ ಒಳಗೆ ಬಂದ. ವಿಮಲಾ ಹಾಡುಹಗಲೇ ಟ್ಯೂಬ್‌ಲೈಟ್ ಹಾಕಿದಳು.